ನಮ್ಮ ಕಾಕಾ ಲೇಖಕರಾದ್ರು

ಕೇಳ್ರಿಲ್ಲೆ ದೋಸ್ತರ, ಕಮರಿಪೇಟೆಯೊಳಗ ಹತ್ತಿ ವ್ಯಾಪಾರ ಮಾಡೋ ನಮ್ಮ ಕಾಕಾ ಬಾಣಂತಿ ಆರೈಕಿ ಬಗ್ಗೆ ಪುಸ್ತಕ ಬರದಾರಂತ! ಕಾಕಾಗ ಮದುವಿನ ಆಗಿಲ್ಲ.

ನಮ್ಮ ಕಾಲೇಜಿನ ಹುಡುಗಿ ತನ್ನ ಪ್ರಬಂಧದಾಗ ಹಂಗ ಬರದಾಳ. ಲೇಖಕರ ಹೆಸರು, ವೆಬ್‌ಸೈಟಿನ ವಿಳಾಸ, ನೋಡಿದ ತಾರೀಖು, ಎಲ್ಲಾ ನಾ ಕಲಿಸಿದಂಗ ಹಾಕ್ಯಾಳ.

"ಪುಸ್ತಕ ನೋಡೀ ಏನವಾ?" ಅಂದೆ.

"ಇಲ್ರಿ ಮೇಡಂ. ನಮ್ಮ ಲೈಬ್ರರಿ ಕ್ಯಾಟಲಾಗ್ ಈಗ ಆನ್‌ಲೈನ್ ಆಗೇತಲ್ರಿ, ಅದ್ರಾಗ ನೋಡೇನ್ರಿ."

ಲೈಬ್ರರಿಗೆ ಓಡಿದೆ. ಅದು ಯಾರದೋ ಕುಬಸಕ್ಕ, ಅಂದ್ರ ಸೀಮಂತಕ್ಕ, ಕಾಕಾ ಉಡುಗೊರಿ ಕೊಟ್ಟಿದ್ದ ಪುಸ್ತಕ; ಅವರು ಓದಿ ಮುಗಿಸಿ ಲೈಬ್ರರಿಗೆ ಕೊಟ್ಟಾರ. ನಮ್ಮ ಕಡೆ ಪುಸ್ತಕ ಬರದವರ ಹೆಸರು ಸಣ್ಣದಿದ್ರೂ ನಡೀತದ, ಕೊಟ್ಟವರ ಹೆಸರು ಹಾಳಿತುಂಬ ಇರಬೇಕು. ಕಂಪ್ಯೂಟರಿಗೆ ಹಾಕಿದವರು ದೊಡ್ಡ ಹೆಸರನ್ನ ಲೇಖಕರಂತ ಹಾಕಿಬಿಟ್ಟಾರ!

"ತಪ್ಪಾತ್ರಿ ಮೇಡಂ, ಈಗ ತಿದ್ದತೇನಿ" ಅಂದ್ರು ಗ್ರಂಥಪಾಲಕರು.

ಅಷ್ಟರಾಗ ನಾ ಕಾಕಾಗ ಫೋನ್ ಮಾಡಿ ಸುದ್ದಿ ಮುಟ್ಟಿಸಿಬಿಟ್ಟಿದ್ದೆ. ಅರ್ಧ ತಾಸಿನ್ಯಾಗ ಕಾಕಾ ಪೇಢೆ ಡಬ್ಬಿ ಹಿಡಕೊಂಡು ಲೈಬ್ರರಿಗೆ ಹಾಜರ್! "ಸರ್, ಲಗೂ ತಿದ್ದಬ್ಯಾಡ್ರಿ. ಅಂಗಡಿ ಓಣ್ಯಾಗ ಎಲ್ಲಾರಿಗೂ ತೋರಸ್ತೇನಿ."

ಗ್ರಂಥಪಾಲಕರು ನಕ್ಕೋತ ಪೇಢೆ ಬಾಯಾಗ ಹಾಕ್ಕೊಂಡು, ಸಂಜಿತನಕ ಬಿಟ್ರು.

ಹುಡುಗಿಗೆ ಪುಸ್ತಕ ತಗದು ನೋಡಿ ತಿದ್ದಿಕೊಂಡು ಬಾ ಅಂತ ಹೇಳಿ ಕಳಿಸಿದೆ. ಆದ್ರ ಆಕಿ ಹೋಗೂದ್ರಾಗ ಪುಸ್ತಕ ಕಪಾಟಿನ್ಯಾಗ ಇರಲಿಲ್ಲ. ಕಾಕಾ ನನ್ನ ಕಾರ್ಡಿನ ಮ್ಯಾಲೆ ಮನಿಗೆ ಒಯ್ದಿದ್ರು.

"ಯಾರರ ಕೇಳಿದ್ರ ಹೇಳಬೇಕಲ್ಲವಾ, ನಾ ಏನೇನ್ ಬರದೇನಿ ಅಂತ!"