ಮೋಡದ ದಿನಗಳ ಸೊನ್ನೆ

2024ರ ಏಪ್ರಿಲ್. ಉಪಗ್ರಹದ ಮಾಹಿತಿಯಿಂದ ಸಮುದ್ರದ ಕಾವು ಅಳೆಯುವ ಕೇಂದ್ರವೊಂದರಲ್ಲಿ ನಾನು ಹಿರಿಯ ವಿಶ್ಲೇಷಕಿ. ರಜೆಗೆಂದು ಕಲಬುರಗಿಗೆ ಬಂದಿದ್ದರೂ, ಸೂಪರ್ ಮಾರ್ಕೆಟ್ ಹಿಂದಿನ ತವರುಮನೆಯಲ್ಲಿ ಲ್ಯಾಪ್‌ಟಾಪ್ ಮುಚ್ಚುವಂತಿರಲಿಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳ ವಾರದ ವರದಿ ನನ್ನ ಪಾಲಿನದು.

ಹವಳ ಜೀವಂತ ಪ್ರಾಣಿ. ವಾಡಿಕೆಯ ಬೇಸಿಗೆಗಿಂತ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ನಿಂತರೆ ಬಿಳಿಚಿಕೊಂಡು ಸಾಯತೊಡಗುತ್ತದೆ. ಆ ಹೆಚ್ಚುವರಿ ಕಾವನ್ನು ಹನ್ನೆರಡು ವಾರ ಕೂಡಿಸುವ ಲೆಕ್ಕಕ್ಕೆ ‘ಡಿಗ್ರಿ ಹೀಟಿಂಗ್ ವೀಕ್’ ಎನ್ನುತ್ತೇವೆ. ನಾಲ್ಕು ದಾಟಿದರೆ ಅಪಾಯ. ನನ್ನ ಪರದೆಯ ಮೇಲೆ 2.6 ಇತ್ತು.

ದ್ವೀಪದ ಡೈವರ್ ಕೋಯಾ ಎರಡು ವರ್ಷ ಆಳದ ನೀರಿನಲ್ಲಿ ಸಾಕಿದ ನಾನೂರು ಹವಳದ ತುಂಡುಗಳನ್ನು ದಡದ ಹತ್ತಿರದ ದಿಬ್ಬದಲ್ಲಿ ನೆಡಲು ನನ್ನ ಒಪ್ಪಿಗೆಗೆ ಕಾಯುತ್ತಿದ್ದರು. “ಮೇಡಂ, ಈ ಸಲ ನೀರು ಮೈಗೆ ಬಿಸಿ ಅನಿಸುತ್ತಿದೆ” ಎಂದರು ಫೋನಿನಲ್ಲಿ. ಬರೀ ಮೂವತ್ತೊಂದು ಡಿಗ್ರಿ! ನಲವತ್ತಮೂರು ಡಿಗ್ರಿ ಬಿಸಿಲಲ್ಲೂ ಬಿಸಿ ಚಹಾ ಕುಡಿಯುವ ಊರಿನವಳು ನಾನು. ನಕ್ಕು, ಒಪ್ಪಿಗೆ ಕಳಿಸಿಬಿಟ್ಟೆ.

ಮರುದಿನ ಕಮಲಾಪುರದ ಕಾಕಾನ ಮನೆಗೆ ಹೋದೆ. ಅವರದು ಕೆಂಪು ಬಾಳೆಯ ತೋಟ. ಗೊನೆಗಳನ್ನು ಹಣ್ಣಿಗಿಟ್ಟ ಖೋಲಿಯ ಮುಂದೆ ನಿಂತು ಕಾಕಾ ಹೇಳಿದರು: “ಮೂರು ದಿನ ಆತು, ಬಾಗಿಲಾನೇ ತೆಗದಿಲ್ಲ. ಇನ್ನಾ ಕಾಯೇ ಇರ್ತಾವ.” ತೆರೆದು ನೋಡಿದರೆ ಅರ್ಧಕ್ಕರ್ಧ ಕೊಳೆತಿದ್ದವು. ಕಾಕಿ ಸಿಡುಕಿದರು: “ನೀವು ನೋಡ್ಲಿಲ್ಲಂತ ಕಾವು ಸುಮ್ನ ಕುಂತಿರ್ತದೇನ್ರೀ?”

ಎಲ್ಲರ ಜೊತೆ ನಾನೂ ನಕ್ಕೆ. ಮರುಕ್ಷಣ ನನ್ನ ವರದಿಯ ಅಂಕಿ ನೆನಪಾಯಿತು. ಮೋಡ ಕವಿದ ದಿನ ನಮ್ಮ ಉಪಗ್ರಹಕ್ಕೆ ಸಮುದ್ರ ಕಾಣುವುದಿಲ್ಲ. ಅಂಥ ದಿನಕ್ಕೆ ನಮ್ಮ ಪ್ರೋಗ್ರಾಂ ಏನು ಬರೆಯುತ್ತದೆ? ಅಲ್ಲೇ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ನೋಡಿದೆ. ಹನ್ನೊಂದು ದಿನಗಳ ಎದುರು ಸೊನ್ನೆ, ಅಂದರೆ ಹೆಚ್ಚುವರಿ ಕಾವೇ ಇಲ್ಲ ಎಂದು. ಆ ಪ್ರೋಗ್ರಾಂ ಬರೆದವಳು ನಾನೇ. ಮೋಡದಾಚೆಗೂ ನೋಡಬಲ್ಲ ಮೈಕ್ರೋವೇವ್ ಉಪಗ್ರಹದ ಅಂಕಿಗಳನ್ನು ಆ ಜಾಗಕ್ಕೆ ತುಂಬಿದೆ. 2.6 ಇದ್ದದ್ದು 4.6 ಆಯಿತು.

“ಕೋಯಾ, ನಿಲ್ಲಿಸಿ. ತಪ್ಪು ನನ್ನದು” ಎಂದು ಫೋನ್ ಮಾಡಿದೆ. ಅಷ್ಟರಲ್ಲಿ ಅರವತ್ತು ತುಂಡು ನೆಟ್ಟಾಗಿತ್ತು. ಉಳಿದವನ್ನು ಅವರು ಕಾವು ಕಡಿಮೆಯಿರುವ ಆಳದಲ್ಲೇ ಬಿಟ್ಟರು.

ಜೂನ್ ಹೊತ್ತಿಗೆ ಆ ಅರವತ್ತೂ ಬೆಳ್ಳಗಾಗಿ ಸತ್ತವು. ಕೋಯಾ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಣದಿದ್ದುದನ್ನು ಇಲ್ಲ ಎಂದು ಬರೆಯುವ ಹಕ್ಕು ನಮಗಿಲ್ಲ ಎಂಬುದನ್ನು ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೆ ಕಲಿತೆ. ಈಗಲೂ ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡುತ್ತೇನೆ. ಅಂಕಿ ಎಷ್ಟು ಎಂದು ಅವರು ಮೊದಲು ಕೇಳುವುದಿಲ್ಲ. “ಮೇಡಂ, ಈ ವಾರ ಎಷ್ಟು ದಿನ ನಿಮಗೆ ಕಾಣಲಿಲ್ಲ?” ಎನ್ನುತ್ತಾರೆ.