ಮೂಗಿನಲ್ಲಿ ಬೇವಿನ ಕಡ್ಡಿ

ಎಡ ಮೂಗೋ ಬಲ ಮೂಗೋ ಎಂಬುದೇ ಈಗ ಖಚಿತವಿಲ್ಲ. ಕಣ್ಣು ಮುಚ್ಚಿದರೆ ಬಲಗಡೆ ಕಾಣುತ್ತದೆ. ಆದರೆ ನಾನು ಅವಳನ್ನು ನೋಡುತ್ತಿದ್ದದ್ದು ಎದುರಿಗೆ ಕೂತು. ಎದುರಿಗೆ ಕೂತವರ ಬಲ ನಮಗೆ ಎಡಕ್ಕೆ ಕಾಣುತ್ತದೆ, ಮತ್ತು ಇಷ್ಟು ವರ್ಷಗಳಲ್ಲಿ ನನ್ನ ನೆನಪು ಎಷ್ಟು ಸಲ ಮಗ್ಗುಲು ಬದಲಿಸಿದೆಯೋ ಯಾರಿಗೆ ಗೊತ್ತು. ಕಡ್ಡಿ ಮಾತ್ರ ನಿಜ. ಬೇವಿನ ಕಡ್ಡಿ, ಎಲೆಯ ದಂಟಿನಷ್ಟು ತೆಳ್ಳಗಿನದು, ಅಕ್ಕಿಕಾಳಿಗಿಂತ ತುಸು ಉದ್ದ. ನತ್ತು ತೆಗೆದ ತೂತು ಮುಚ್ಚಿಹೋಗಬಾರದೆಂದು ಅದರಲ್ಲಿ ಸಿಕ್ಕಿಸಿಕೊಂಡಿದ್ದಳು. ಒಣಗಿದ್ದನ್ನು ತೆಗೆದು ಹಸಿಯದನ್ನು ಹಾಕಿಕೊಂಡ ದಿನ ಮೂಗಿನ ಮೇಲೆ ಒಂದು ಹಸಿರು ಚುಕ್ಕೆ ಇರುತ್ತಿತ್ತು. ನಾಲ್ಕು ದಿನಕ್ಕೆ ಅದು ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ನಮ್ಮ ಕಡೆ ಆಗತಾನೆ ಮೂಗು ಚುಚ್ಚಿಸಿಕೊಂಡ ಸಣ್ಣ ಹುಡುಗಿಯರು ಹಾಗೆ ಕಡ್ಡಿ ಇಟ್ಟುಕೊಳ್ಳುತ್ತಾರೆ. ಮೂವತ್ತು ದಾಟಿದ ಹೆಂಗಸಿನ ಮೂಗಿನಲ್ಲಿ ನಾನು ಅದನ್ನು ಕಂಡದ್ದು ಅದೇ ಮೊದಲು.

ಸ್ವಾತಂತ್ರ್ಯ ಬಂದ ಮರುವರ್ಷ. ನಾನು ಕಾಖಂಡಕಿಯಿಂದ ವಿಜಾಪುರದ ಸ್ಟೇಷನ್ ರಸ್ತೆಯ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಮುಂದೆ ಮಾವನವರ ಕಾಳಿನ ಅಂಗಡಿ, ನಡುವೆ ಮನೆ, ಹಿತ್ತಲಲ್ಲಿ ಬಾವಿ, ಬೇವಿನ ಗಿಡ, ಖಾಲಿ ಚೀಲ ಒಟ್ಟುವ ಒಂದು ಕೋಣೆ. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಟಾಂಗಾದಿಂದ ಇಬ್ಬರು ಹೆಂಗಸರು ಇಳಿದರು, ಒಬ್ಬಳು ಮುದುಕಿ, ಒಬ್ಬಳು ಇವಳು. ಸೊಲ್ಲಾಪುರದ ಅರಿವೆ ವ್ಯಾಪಾರಿಯೊಬ್ಬರು ಮಾವನವರಿಗೆ ಚೀಟಿ ಬರೆದು ಕಳಿಸಿದ್ದರು: ಸಿಂಧದವರು, ಸಿಂಧೂ ನದಿಯ ದಂಡೆಯ ಸಕ್ಕರ್ ಎಂಬ ಊರು, ಅತ್ತೆ ಸೊಸೆ, ಕೆಲ ದಿನ ಜಾಗ ಕೊಡಿ. ಮುದುಕಿಯ ಮಗ, ಅಂದರೆ ಇವಳ ಗಂಡ, ಅಂಗಡಿ ಮಾರಿ ಮುಂದಿನ ಹಡಗಿಗೆ ಬರುತ್ತೇನೆಂದು ಹಿಂದೆ ಉಳಿದಿದ್ದ.

ಚೀಲಗಳನ್ನು ಅಟ್ಟಕ್ಕೆ ಹಾಕಿ ಕೋಣೆ ಸಾರಿಸಿಕೊಟ್ಟೆವು. ಓಣಿಯವರಿಗೆ ಅವಳು 'ಸಿಂಧದಾಕಿ'. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಹಿಂದುಸ್ತಾನಿ ಮುರುಕು, ಸಂತೆಯಲ್ಲಿ ಕಲಿತ ನಮ್ಮದೂ ಮುರುಕು. ಮಳೆಗಾಲದ ಹೊತ್ತಿಗೆ ಅವಳು ನಮ್ಮ ಮಾತನ್ನೇ ಆಡತೊಡಗಿದ್ದಳು. ಈಗ ನಾನು ಅವಳ ಬಾಯಲ್ಲಿ ಇಡುವ ಮಾತಿನಲ್ಲಿ ಎಷ್ಟು ಅವಳದು, ಎಷ್ಟು ನನ್ನದು, ಹೇಳಲಾರೆ.

ಆ ಕಡ್ಡಿ ಓಣಿಗೇ ಒಂದು ತೊಡಕಾಯಿತು. ನಮ್ಮಲ್ಲಿ ಅರಿಷಿಣ ಕುಂಕುಮಕ್ಕೆ ಕರೆಯಬೇಕಾದರೆ ಮುತ್ತೈದೆಯೋ ಅಲ್ಲವೋ ತಿಳಿಯಬೇಕು. ಮೂಗು ಬರಿದಿದ್ದರೆ ಒಂದು ಮಾತು, ನತ್ತಿದ್ದರೆ ಒಂದು ಮಾತು. ಪಕ್ಕದ ಗಾಣದ ಮನೆಯಾಕೆ ನೀರಿಗೆ ಬಂದಾಗ ಬಾವಿಕಟ್ಟೆಯ ಮೇಲೆಯೇ ಕೇಳಿದಳು.

"ನಿನ್ನ ಗಂಡ ಎಲ್ಲದಾನವಾ?"

"ಬರ್ತಾನ."

"ಬರ್ತಾನ ಅಂದ್ರ, ಕಾಗದ ಬಂದೈತೇನು?"

"ಬರ್ತೈತಿ."

ಗಾಣದ ಮನೆಯಾಕೆ ನನ್ನ ಅತ್ತೆಯ ಕಡೆ ತಿರುಗಿ, "ಇದೇನ್ರಿ, ಗಂಡನೂ ಬರಾಂವ, ಕಾಗದನೂ ಬರೂದು. ಈಗೇನೈತಿ ಈಕಿ ಕಡೆ?" ಎಂದಳು.

ಅತ್ತೆ ಹಗ್ಗ ಸುತ್ತುತ್ತ, "ಕಡ್ಡಿ ಐತಲ್ಲ" ಎಂದರು. "ಮೂಗಿನ್ಯಾಗ ಕಡ್ಡಿ ಇರೂತನಾ ಆಕಿ ಮುತ್ತೈದಿ. ಕುಂಕುಮಕ್ಕ ಕರೀರಿ."

ಅಷ್ಟಕ್ಕೆ ಅದು ತೀರ್ಮಾನವಾಯಿತು.

ನತ್ತು ಎಲ್ಲಿ ಹೋಯಿತು? ನನಗೆ ಅವಳು ಹೇಳಿದ್ದು ಹೀಗೆ: ಕರಾಚಿಯ ಬಂದರಿನಲ್ಲಿ ಹೆಂಗಸರ ಮೈಮೇಲಿನ ಬಂಗಾರವನ್ನು ಕಸಿಯುತ್ತಿದ್ದಾರೆಂಬ ಸುದ್ದಿ ಹಬ್ಬಿತ್ತು. ಗಂಡ ತಾನೇ ನತ್ತು ಬಿಚ್ಚಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, "ನಾನೇ ತರ್ತೇನಿ" ಎಂದನಂತೆ. ಆದರೆ ಮುದುಕಿ ಒಮ್ಮೆ, ಮುಂಬಯಿಯಲ್ಲಿ ಅದನ್ನು ಮಾರಿ ಉಂಡೆವು ಎಂದು ಹೇಳಿದ ನೆನಪೂ ಇದೆ. ಎರಡೂ ನಿಜವಾಗಿರಲಾರದು. ನಾನು ಬಂದರಿನ ಕತೆಯನ್ನೇ ನಂಬಿದೆ. ಆಗ ನನಗೆ ಹದಿನೇಳು ವರ್ಷ.

ಬಂದ ತಿಂಗಳೊಪ್ಪತ್ತಿಗೆ ಇಬ್ಬರೂ ಹಪ್ಪಳಕ್ಕೆ ಕೂತರು. ಅವಳು ಪಾಪಡ ಎನ್ನುತ್ತಿದ್ದಳು. ಮಾವನವರ ಅಂಗಡಿಗೆ ಬರುವ ಉದ್ದಿನಲ್ಲಿ ಬೇರೆ ಬೇರೆ ಊರಿನದನ್ನು ತರಿಸಿ ಕೈಯಲ್ಲಿ ತಿಕ್ಕಿ ನೋಡಿ, ಕಡೆಗೆ ಕಳ್ಳಕವಟಗಿಯದೇ ಆಗಬೇಕೆಂದು ಹಟ ಹಿಡಿದಳು. ಮುದುಕಿ ಕಣಕ ಕುಟ್ಟುವಳು, ಇವಳು ಲಟ್ಟಿಸುವಳು. ಕಾಳುಮೆಣಸನ್ನು ಮುಕ್ಕು ಮುಕ್ಕಾಗಿ ಒಡೆದು ಹಾಕುತ್ತಿದ್ದಳು. ಹಪ್ಪಳ ಎತ್ತಿ ಹಿಡಿದರೆ ಆಚೆ ಕಡೆಯ ಅವಳ ಬೆರಳು ಕಾಣುತ್ತಿತ್ತು. ನಾವು ಬಿಸಿಲಿಗೆ ಒಣಹಾಕುವವರು. ಅವಳು ಹಗ್ಗದ ಹೊರಸಿನ ಮೇಲೆ ಬೇವಿನ ನೆರಳಲ್ಲಿ ಹಾಕುತ್ತಿದ್ದಳು. "ಬಿಸಲಾಗ ಹಾಕಿದ್ರ ಮ್ಯಾಲ ಒಣಗತೈತಿ, ಒಳಗ ಹಸಿನ ಇರ್ತೈತಿ" ಎನ್ನುತ್ತಿದ್ದಳು. ನೆರಳು ಸರಿದಂತೆ ಹೊರಸು ಸರಿಸುವುದು ನನ್ನ ಕೆಲಸವಾಯಿತು. ಅವಳ ಹಪ್ಪಳ ಮೊದಲು ಸ್ಟೇಷನ್ ಹತ್ತಿರದ ಖಾನಾವಳಿಗೆ ಹೋಯಿತು, ಆಮೇಲೆ ಮಾವನವರ ಗಾಡಿಯಲ್ಲಿ ತಿಕೋಟಾ, ಬಬಲೇಶ್ವರದ ಸಂತೆಗಳಿಗೆ.

ನಾನು ಅಳುಬುರುಕಿ. ಆ ಶ್ರಾವಣದಲ್ಲಿ ನನ್ನ ಮೊದಲ ಪಂಚಮಿ. ಲಗ್ನವಾದ ಹುಡುಗಿ ಪಂಚಮಿಗೆ ತವರಿಗೆ ಹೋಗಬೇಕು, ಅಣ್ಣ ಕರೆಯಲು ಬರಬೇಕು. ಅಣ್ಣ ಎರಡು ದಿನ ತಡ ಮಾಡಿದ. ನಾನು ಹೊರಸಿನ ಪಕ್ಕ ಕೂತು ಅಳುತ್ತಿದ್ದೆ. ಅಕ್ಕ ಲಟ್ಟಣಿಗೆ ನಿಲ್ಲಿಸದೆ ಕೇಳಿದಳು.

"ನಿಮ್ಮೂರಿಗೆ ಮೋಟಾರ ಐತೇನು?"

"ಐತಿ."

"ದಿನಾ ಹೋಗತೈತಿ?"

"ದಿನಾ ಒಂದ ಹೋಗತೈತಿ."

"ಹಂಗಾರ ಅಳಬ್ಯಾಡ. ಮೋಟಾರ ಹೋಗೂ ಊರಿಗೆ ಅಳಬಾರ್ದು."

ಬೈದಂತೆ ಹೇಳಲಿಲ್ಲ, ಅಡುಗೆಯ ಅಳತೆ ಹೇಳುವಂತೆ ಹೇಳಿದಳು. ಮರುದಿನ ಅಣ್ಣ ಬಂದ. ನಾನು ಅತ್ತೆಯನ್ನು ಕಾಡಿ ಬೇಡಿ ಅಕ್ಕನನ್ನೂ ಕರೆದುಕೊಂಡು ಹೊರಟೆ. ಇಲ್ಲಿಗೆ ಬಂದ ವಾರದಲ್ಲೇ ಅವಳು "ನಿಮ್ಮ ನದಿ ಎಲ್ಲೈತಿ?" ಎಂದು ಕೇಳಿದ್ದಳು. ವಿಜಾಪುರದವರನ್ನು ಯಾರೂ ಹಾಗೆ ಕೇಳಿರಲಿಲ್ಲ. ನಮ್ಮೂರ ದಾರಿಯಲ್ಲಿ ಡೋಣಿ ಹೊಳೆ ಇದೆ, ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಹೊಳೆ ದಾಟುವಲ್ಲಿ ಮೋಟಾರಿನವನು ಎಲ್ಲರನ್ನೂ ಇಳಿಸಿದ. ಕಪ್ಪು ಮಣ್ಣಿನ ನಡುವೆ ಮೊಣಕಾಲು ಮಟ್ಟದ ನೀರು. ಅಕ್ಕ ನೀರಿಗಿಳಿದು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. ಡೋಣಿಯ ನೀರು ಉಪ್ಪು ಎಂದು ಹೇಳುವುದನ್ನು ನಾನು ಮರೆತಿದ್ದೆ.

ಅಣ್ಣ ನಕ್ಕು, "ಕುಡೀಬ್ಯಾಡ್ರಿ ಅಕ್ಕಾರ, ದನಾನೂ ಕುಡಿಯೂದಿಲ್ಲ ಅದನ್ನ" ಎಂದ.

"ಛಲೋ ಐತಿ" ಎಂದಳು ಅಕ್ಕ, ಬಾಯಿ ಒರೆಸಿಕೊಳ್ಳುತ್ತ. "ಇದರಾಗ ಹಿಟ್ಟು ನಾದಿದ್ರ ಪಾಪಡಕ್ಕ ಉಪ್ಪು ಬ್ಯಾಡ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಕಾಖಂಡಕಿ ಮುಟ್ಟುವವರೆಗೂ ಒದ್ದೆಯಾದ ಸೆರಗಿನ ತುದಿಯನ್ನು ಹಿಂಡದೆ ಹಾಗೆಯೇ ಹಿಡಿದು ಕೂತಿದ್ದಳು.

ಈಗ ಆ ದಿನಕ್ಕೆ ಬರಬೇಕು. ಇದನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೆಂದರೆ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯುವುದಿಲ್ಲ.

ಪಂಚಮಿ ಮುಗಿಸಿ ಬಂದ ಮೇಲೆ, ಶ್ರಾವಣ ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ನೀರಿಗೆ ಬಂದ ಗಾಣದ ಮನೆಯಾಕೆ ಕೊಡ ಇಟ್ಟು ಓಡುತ್ತ ಒಳಗೆ ಬಂದಳು.

"ಯವ್ವಾ, ಹಿತ್ತಲ ಕ್ವಾಣ್ಯಾಗ ಹೊಗಿ ಇಲ್ಲ. ಒಲಿಗೆ ನೀರ ಹೊಡದಾರ. ಇಬ್ರೂ ಸುಮ್ನ ಕುಂತಾರ."

ಹಿಂದಿನ ದಿನ ಟಪಾಲಿನವ ಅಂಗಡಿಗೆ ಬಂದಿದ್ದ. ಅಕ್ಕನಿಗೆ ಕಾಗದ ಬಂದರೆ ನಮ್ಮ ಅಂಗಡಿಯ ವಿಳಾಸಕ್ಕೇ ಬರಬೇಕು. ಕೇಳೋಣವೆಂದರೆ ಮಾವನವರೂ ನನ್ನ ಗಂಡನೂ ನಸುಕಿನಲ್ಲೇ ತಿಕೋಟಾ ಸಂತೆಗೆ ಹೋಗಿದ್ದರು. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ರೊಟ್ಟಿ ಒಯ್ದು, ಮಾತಾಡಿಸಿ, ಉಣ್ಣಿಸಿ ಬರುತ್ತಾರೆ.

ಅತ್ತೆ ಮತ್ತೇನೂ ಕೇಳಲಿಲ್ಲ. ಹಿಟ್ಟು ತೆಗೆದು ಕೂತರು. ಗಾಣದ ಮನೆಯಾಕೆ ಬೇಳೆ ಮಾಡಿ ತಂದಳು. ಬಿಸಿ ರೊಟ್ಟಿಯ ಬುಟ್ಟಿ ನನ್ನ ತಲೆಯ ಮೇಲೆ. ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮುಂದೆ ನಡೆದರು. ಹಿತ್ತಲ ಬಾಗಿಲು ದಾಟುತ್ತಲೇ, "ಯವ್ವಾ ನನ್ನ ತಾಯೀ, ಹಿಂಗ್ಯಾಕಾತ" ಎಂದು ದನಿ ತೆಗೆದು, ಹೋಗಿ ಅಕ್ಕನನ್ನು ತಬ್ಬಿಕೊಂಡರು.

ಅಕ್ಕ ಅಳಲಿಲ್ಲ. ಅತ್ತೆಯ ಹೆಗಲ ಮೇಲಿಂದ ನನ್ನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಕಾಗದ ಅಂಗಡಿಗೆ ಬಂದಿದೆ, ಇವರು ಓದಿಸಿದ್ದಾರೆ, ಹೇಳಲು ಬಂದಿದ್ದಾರೆ: ಅಷ್ಟನ್ನು ಅವಳು ಯಾರನ್ನೂ ಕೇಳದೆ ತಿಳಿದುಕೊಂಡಳು. ಕೈ ಮೂಗಿಗೆ ಹೋಯಿತು. ಕಡ್ಡಿಯನ್ನು ಎಳೆದು ಬಚ್ಚಲ ನೀರು ಹೋಗುವ ಹರಿಗೆ ಎಸೆದಳು. ಹಸಿ ಗಾಯದಿಂದೆಂಬಂತೆ ಒಂದು ಹನಿ ರಕ್ತ ತುಟಿಯ ಮೇಲೆ ಇಳಿಯಿತು.

ಮುದುಕಿ ಗೋಡೆ ಹಿಡಿದು ಎದ್ದು ನಿಂತು ತನ್ನ ಮಾತಿನಲ್ಲಿ ಏನೋ ಕೇಳಿದಳು. ಅಕ್ಕ ಅದನ್ನು ನಮಗೆ ಹೇಳಿದಳು. ದನಿ ಸಪಾಟಾಗಿತ್ತು.

"ಕಾಗದ ಯಾರು ಬರದಾರ, ಕೇಳತಾಳ."

ಅತ್ತೆ ಅಳು ನಿಲ್ಲಿಸಿದರು. "ಯಾವ ಕಾಗದ? ಕಾಗದ ನಿಮಗ ಬಂದೈತಲ್ಲ?"

"ನಮಗ ಎಲ್ಲಿ ಬಂದೈತಿ? ನಿಮಗ ಬಂದೈತಲ್ಲ?"

"ನಮಗ್ಯಾಕ ಬರ್ತೈತಿ? ನೀವು ಒಲಿ ಹಚ್ಚಿಲ್ಲಂತ..."

"ಇವತ್ತ ಒಲಿ ಹಚ್ಚೂದಿಲ್ಲ" ಎಂದಳು ಅಕ್ಕ. "ಹಬ್ಬ."

ಅವರ ಸೀಮೆಯಲ್ಲಿ ಶ್ರಾವಣದ ಆ ಒಂದು ದಿನ ಶೀತಲಾ ತಾಯಿಗೆ ಮೀಸಲು. ಒಲೆಗೆ ನೀರು ಚಿಮುಕಿಸಿ ಸುಮ್ಮನಿಡಬೇಕು, ಹಿಂದಿನ ದಿನ ಮಾಡಿಟ್ಟದ್ದನ್ನು ತಣ್ಣಗೆ ಉಣ್ಣಬೇಕು. ಮೂಲೆಯಲ್ಲಿ ಅರಿವೆ ಮುಚ್ಚಿದ ತಾಟಿನಲ್ಲಿ ಬೆಲ್ಲ ಹಾಕಿದ ದಪ್ಪ ದಪ್ಪ ರೊಟ್ಟಿಗಳಿದ್ದವು. ನಮಗೆ ಹಂಚಲೆಂದೇ ಹೆಚ್ಚು ಮಾಡಿದ್ದರಂತೆ.

ಗಾಣದ ಮನೆಯಾಕೆ ಮೊದಲು ನಕ್ಕಳು, ತಡೆಯಲಾಗದೆ. ಅತ್ತೆ ಅವಳನ್ನು ಗದರಿಸಿ ನೆಲಕ್ಕೆ ಕುಸಿದು ಕೂತರು. "ಏನ ಮಾಡಿದ್ನೇ ಯವ್ವಾ! ಬದಕಿದ್ದಾಂವಗ ಸತ್ತಾವರ ರೊಟ್ಟಿ ತಂದೆ. ನನ್ನ ಕೈಲೆ ಬಡದು ತಂದೆ." ಆ ರೊಟ್ಟಿಯನ್ನು ಮನೆಗೆ ತಿರುಗಿ ಒಯ್ಯುವಂತಿಲ್ಲ, ಇಲ್ಲಿ ಬಿಡುವಂತಿಲ್ಲ.

ಅಕ್ಕ ನನ್ನ ತಲೆಯಿಂದ ಬುಟ್ಟಿ ಇಳಿಸಿಕೊಂಡಳು. ಮುಟ್ಟಿ ನೋಡಿದಳು.

"ಬಿಸಿ ಐತಿ. ಬಿಸಿ ನಾವು ಇವತ್ತ ತಿನ್ನಂಗಿಲ್ಲ. ಆರಲಿ. ಎಲ್ಲಾರೂ ಕೂಡಿ ತಿನ್ನೂಣು. ಕೂಡಿ ತಿಂದ್ರ ಹಬ್ಬದ್ದ ಆತು."

ಹೀಗೆ ನಾವು ಐವರು ಬೇವಿನ ಗಿಡದ ಕೆಳಗೆ ಬುಟ್ಟಿ ನಡುವೆ ಇಟ್ಟುಕೊಂಡು ರೊಟ್ಟಿ ಆರುವುದನ್ನು ಕಾಯುತ್ತ ಕೂತೆವು. ಗಾಣದ ಮನೆಯಾಕೆ ಸೆರಗಿನಿಂದ ಗಾಳಿ ಹಾಕಿದಳು. "ರೊಟ್ಟಿ ಆರಸಾಕ ಗಾಳಿ ಹಾಕಿದ್ದು ನನ್ನ ಜಲ್ಮದಾಗ ಇದ ಮೊದಲ" ಎಂದಳು. ಅಕ್ಕ ಒಂದೊಂದು ಸಲ ಬೆರಳಿಟ್ಟು ನೋಡಿ, "ಇನ್ನ ಐತಿ" ಎನ್ನುವಳು. ಮುದುಕಿ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ಕೂತೆವೋ. ನನಗೆ ಇಡೀ ಒಂದು ದಿನ ಅನ್ನಿಸುತ್ತದೆ. ರೊಟ್ಟಿ ಆರಲು ಅಷ್ಟು ಹೊತ್ತು ಬೇಕಿಲ್ಲ.

ತಿನ್ನುವ ಮೊದಲು ಅತ್ತೆ ನನಗೆ, "ಏಳ, ಹಸಿ ಕಡ್ಡಿ ಮುರಕೊಂಡ ಬಾ, ಲಗೂನ" ಎಂದರು. ತಂದೆ. ಅದನ್ನು ನಾನೇ ಸಿಕ್ಕಿಸಿದೆ ಎಂದು ನನ್ನ ನೆನಪು. ಬೆರಳಿಗೆ ಅವಳ ಬಿಸಿಯುಸಿರು ತಗಲಿದ್ದು, ಅವಳು ಕಣ್ಣು ಮುಚ್ಚದೆ ನನ್ನನ್ನೇ ನೋಡಿದ್ದು, "ಸಾವಕಾಶ, ತಂಗಿ" ಎಂದದ್ದು. ಆದರೆ ಅತ್ತೆ ತಮ್ಮ ಕಡೆಯ ದಿನಗಳವರೆಗೂ, ಸಿಕ್ಕಿಸಿದ್ದು ತಾವು ಎಂದೇ ಹೇಳುತ್ತಿದ್ದರು. ಅವರಿಗೆ ಅದು ಬೇಕಾಗಿತ್ತು. ನನಗೂ ಬೇಕಾಗಿತ್ತು. ಅಕ್ಕ ತಾನೇ ಸಿಕ್ಕಿಸಿಕೊಂಡಿರಬಹುದು.

ಮರುವರ್ಷ ನಿಜವಾದ ಕಾಗದ ಬಂತು. ಮುಂಬಯಿ ಹತ್ತಿರದ ಕಲ್ಯಾಣದ ನಿರಾಶ್ರಿತರ ಶಿಬಿರದಿಂದ ಒಂದು ಕಾರ್ಡು, ಯಾರೋ ಯಾರದೋ ಪರವಾಗಿ ಬರೆದದ್ದು: ಸಕ್ಕರದವನು, ಇಂಥ ಹೆಸರಿನವನು ಇಲ್ಲಿ ಇದ್ದಾನೆ, ಮೈ ನೆಟ್ಟಗಿಲ್ಲ, ಅವನೇ ಹೌದೋ ಅಲ್ಲವೋ ಬಂದು ನೋಡಿ. ಮುದುಕಿ, ಅಕ್ಕ ಇಬ್ಬರೂ ಎರಡು ದಿನದಲ್ಲಿ ಹೊರಟರು. ನಾನು ಚೊಚ್ಚಲ ಬಾಣಂತನಕ್ಕೆ ಕಾಖಂಡಕಿಗೆ ಹೋಗಿದ್ದೆ. ಅವಳು ಹೇಳಿದ ಅದೇ ಮೋಟಾರಿನಲ್ಲಿ, ಅಳದೆ.

ಆದರೂ ಅವಳು ರೈಲಿನ ಕಿಟಕಿಯಲ್ಲಿ ಕೂತು ಕೈ ಎತ್ತಿದ್ದು, ಹೊಟಗಿ ಕಡೆಯ ಗಾಡಿ ಹೊರಟದ್ದು, ಅವಳ ಮೂಗಿನ ಮೇಲಿನ ಹಸಿರು ಚುಕ್ಕೆ, ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿದೆ. ಇದು ಸುಳ್ಳು. ನಾನು ಅಲ್ಲಿರಲಿಲ್ಲ. ತಿರುಗಿ ಬಂದಾಗ ಕೋಣೆಯಲ್ಲಿ ಮತ್ತೆ ಚೀಲಗಳಿದ್ದವು, ಹೊರಸು ಬೇವಿನ ಕೆಳಗೇ ಇತ್ತು. ಹೋಗುವಾಗ ಕಡ್ಡಿ ಇತ್ತು ಎಂದರು ಅತ್ತೆ. ನತ್ತು ಹಾಕಿಸಿಕೊಳ್ಳಲು ತೂತು ಬರಿದು ಮಾಡಿಕೊಂಡೇ ಹೋದಳು ಎಂದಳು ಗಾಣದ ಮನೆಯಾಕೆ.

ಹಪ್ಪಳವನ್ನು ನಾನು ಇಂದಿಗೂ ನೆರಳಲ್ಲಿ ಒಣಗಿಸುತ್ತೇನೆ. ಅವಳಿಂದ ಪಡೆದದ್ದರಲ್ಲಿ ಅನುಮಾನವಿಲ್ಲದ್ದು ಅದೊಂದೇ. ಹೋದ ಮೇಲೆ ಅವಳಿಂದ ಕಾಗದ ಬರಲಿಲ್ಲ. ಬಂದು ನಮ್ಮ ಕೈಗೆ ಸಿಗದೆ ಹೋಯಿತೋ ಏನೋ. ಶಿಬಿರದಲ್ಲಿದ್ದವನು ಅವಳ ಗಂಡನೋ, ಅದೇ ಹೆಸರಿನ ಬೇರೊಬ್ಬನೋ, ನನಗೆ ಗೊತ್ತಿಲ್ಲ. ಅವನ ಒಳಜೇಬಿನಲ್ಲಿ ನತ್ತು ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.