ಬಲಗೈ ಮೂಳೆಯ ತಕರಾರು

"ನಮ್ಮ ವಂಶದಲ್ಲಿ ಏಳು ತಲೆಮಾರಿನಿಂದ ಒಬ್ಬರ ಮೈಯಲ್ಲೂ ಒಂದು ಐಬು ಅಂತ ಇಲ್ಲ!"

ಬೀಗಿತ್ತಿ ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಸಾರಿದಾಗ ಬೀದಿಯ ನಾಯಿಗಳೂ ತಂತಮ್ಮ ವಂಶ ನೆನೆದು ತಲೆ ತಗ್ಗಿಸಿದವು. ಬಸುರಿ ಸೊಸೆಯನ್ನು ಬಟ್ಟೆಗಂಟಿನ ಸಮೇತ ತವರಿಗೆ ತಂದು ಬಿಟ್ಟಿದ್ದಳು. "ನಿಮ್ಮ ಕೈ ಕಣ್ಣೆದುರಿಗೇ ಇದೆ. ನಾಳೆ ನಮ್ಮ ಮೊಮ್ಮಗೂಗೂ ಹೀಗೇ ಆದ್ರೆ? ಡಾಕ್ಟ್ರು ಹೇಳೋವರೆಗೂ ಇವಳು ಇಲ್ಲೇ ಇರ್ಲಿ."

ಇಸ್ತ್ರಿಯವಳ ಬಲಗೈ ಚಿಕ್ಕಂದಿನಿಂದಲೂ ಹಾಗೆಯೇ. ಎಕ್ಸ್-ರೇಯಲ್ಲಿ ನೋಡಿದರೆ ಮುಂಗೈ ಮೂಳೆಯ ಮೇಲೆ ಮೇಣದಬತ್ತಿ ಕರಗಿ ಸುರಿದಂತೆ ಗಂಟುಗಂಟು. ಮೊಣಕೈ ಪೂರ್ತಿ ಮಡಚುತ್ತಿರಲಿಲ್ಲ. ಎಡಗೈಯಲ್ಲೇ ಇಸ್ತ್ರಿ ಉಜ್ಜುತ್ತಿದ್ದಳು. ಅವಳು ತೀಡಿದ ಅಂಗಿ ತೊಟ್ಟು ಹೊರಟರೆ ಕಳ್ಳನಿಗೂ ಪೊಲೀಸರು ಸಲಾಮು ಹೊಡೆಯುತ್ತಿದ್ದರು. ಅವತ್ತು ಅವಳಿಗೆ ಬಂದ ಸಿಟ್ಟನ್ನು ಇಸ್ತ್ರಿಪೆಟ್ಟಿಗೆಗೆ ತುಂಬಿದ್ದರೆ ವರ್ಷವಿಡೀ ಇದ್ದಿಲು ಬೇಕಾಗುತ್ತಿರಲಿಲ್ಲ.

"ಅಮ್ಮಾ, ನನ್ನ ಮಗೂಗೂ ಬರತ್ತಾ?" ಎಂದಳು ಮಗಳು, ದಿಂಬಿನ ಚೀಲ ಮಡಚುತ್ತ.

ಬೀಗಿತ್ತಿಯ ಮಾತಿಗಿಂತ ಈ ಪ್ರಶ್ನೆಯೇ ಇಸ್ತ್ರಿಯವಳನ್ನು ಹೆಚ್ಚು ಸುಟ್ಟಿತು.

ಕೆಲವು ದಿನ ಮೊದಲು ಅವಳು ಕೈನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಮೂಳೆಯ ಚೂರನ್ನೂ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಳು. ಫಲಿತಾಂಶ ಬಂದ ದಿನ ಬೀಗಿತ್ತಿಯೂ ಜೊತೆಗೆ ಬಂದಳು, ತನ್ನ ಕಿವಿಯಾರೆ ಕೇಳಬೇಕಂತೆ.

"ಮೂಳೆ ಚೂರಲ್ಲಿ ಒಂದು ಜೀನ್ ಬದಲಾಗಿದೆ," ಎಂದಳು ಡಾಕ್ಟರಮ್ಮ.

"ನಾನು ಹೇಳ್ಲಿಲ್ವಾ!" ಬೀಗಿತ್ತಿ ಕುರ್ಚಿಯಿಂದ ಅರ್ಧ ಎದ್ದಳು.

"ಕೂತ್ಕೊಳಿ ಅಮ್ಮಾ. ರಕ್ತದಲ್ಲಿ ಆ ಬದಲಾವಣೆ ಇಲ್ಲ. ಇವರು ತಾಯಿ ಹೊಟ್ಟೇಲಿ ಬೆಳೀತಿದ್ದಾಗ ಯಾವುದೋ ಒಂದು ಜೀವಕೋಶದಲ್ಲಿ ಆಗಿರೋದು. ಆ ಕೋಶದಿಂದ ಬೆಳೆದ ಮೂಳೆಗೆ ಮಾತ್ರ ತೊಂದ್ರೆ. ಹೆತ್ತವರಿಂದ ಬಂದಿದ್ದಲ್ಲ, ಮಗಳಿಗೆ, ಮೊಮ್ಮಗೂಗೆ ಹೋಗೋದೂ ಅಲ್ಲ."

"ಆದ್ರೂ ಐಬು ಐಬೇ ತಾನೇ?"

"ನಿಮ್ಮ ಕೆನ್ನೆ ಮೇಲೆ ಮಚ್ಚೆ ಇದೆಯಲ್ಲ? ಮಚ್ಚೆಗಳೂ ಸಾಮಾನ್ಯವಾಗಿ ಹೀಗೇ ಹುಟ್ಟೋದು, ಚರ್ಮದ ಒಂದು ಕೋಶದಲ್ಲಿ ಜೀನ್ ಬದಲಾಗಿ."

ಏಳು ತಲೆಮಾರೂ ಒಟ್ಟಿಗೆ ಕೈಯೆತ್ತಿ ಆ ಕೆನ್ನೆಯನ್ನು ಮುಚ್ಚಿಕೊಂಡವು.

ಇಸ್ತ್ರಿಯವಳಿಗೆ ಅಳು ಬಂತು, ಹಿಂದೆಯೇ ಸಿಟ್ಟು. ಮೊಮ್ಮಗು ಗೆದ್ದಿತ್ತು, ನಿಜ. ಆದರೆ ಅವಳ ಮಗಳು ಹಗಲಿಡೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೆದರಿದ್ದಳಲ್ಲ, ಆ ಹೆದರಿಕೆಗೆ ಯಾರು ಹೊಣೆ?

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಬೀಗಿತ್ತಿಯ ದನಿ ಬೆಣ್ಣೆಯಾಯಿತು. "ಹೋಗ್ಲಿ ಬಿಡಿ ಬೀಗ್ತೀ, ನಾವೇನೂ ಮನಸ್ಸಿಗೆ ಹಚ್ಕೊಳಲ್ಲ. ನಾಳೆ ಬೆಳಗ್ಗೆ ಅವಳನ್ನ ಕಳಿಸಿಕೊಡಿ."

ಇಸ್ತ್ರಿಯವಳು ನಿಂತಳು. "ಕಳಿಸಿಕೊಡೋಕೆ ಅವಳೇನು ಇಸ್ತ್ರಿಗೆ ಹಾಕಿದ ಸೀರೆನಾ? ನೀವೇ ಬನ್ನಿ, ನಿಮ್ಮ ಮಗನನ್ನೂ ಕರ್ಕೊಂಬನ್ನಿ, ಅವಳ ಮುಂದೆ ನಿಂತು ತಪ್ಪಾಯ್ತು ಅನ್ನಿ. ಬರೋದೂ ಬಿಡೋದೂ ಅವಳಿಷ್ಟ. ಅವಳು ಒಲ್ಲೆ ಅಂದ್ರೆ, ಈ ಬಲಗೈಯಲ್ಲೇ ಬಾಗಿಲು ಹಾಕ್ತೀನಿ!"